ಬೆತ್‌ಪೇಜ್ ಬ್ಲ್ಯಾಕ್: ಅಂಗಳ ಎಲ್ಲರದ್ದು, ಆ ವಾರದ ಗದ್ದಲ ಯಾರದ್ದು?

5 ಅಕ್ಟೋಬರ್ 2025, ಭಾನುವಾರ

ಯೂರೋಪ್ ಮತ್ತು ಅಮೆರಿಕ ತಂಡಗಳ ಗಾಲ್ಫ್ ಸ್ಪರ್ಧೆ ರೈಡರ್ ಕಪ್ ನಮ್ಮ ಬೆತ್‌ಪೇಜ್ ಬ್ಲ್ಯಾಕ್ ಅಂಗಳದಲ್ಲಿ ಮುಗಿದು ಇವತ್ತಿಗೆ ಒಂದು ವಾರ. ಆಫೀಸಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಎಲ್ಲ ಕಡೆ ಒಂದೇ ಮಾತು. ನ್ಯೂಯಾರ್ಕ್ ಜನಕ್ಕೆ ಗಾಲ್ಫ್ ನೋಡೋಕೆ ಬರಲ್ಲ ಅಂತ. ಯೂರೋಪ್ 15–13ರಲ್ಲಿ ಗೆದ್ದದ್ದರ ಬಗ್ಗೆ, ಅವರು ಅಷ್ಟು ಚೆನ್ನಾಗಿ ಪಟ್ ಮಾಡಿದ್ದರ (ಚೆಂಡನ್ನು ಕುಳಿಗೆ ಉರುಳಿಸಿದ್ದರ) ಬಗ್ಗೆ ಯಾರೂ ಮಾತಾಡುತ್ತಿಲ್ಲ. ಎಲ್ಲರಿಗೂ ಬೇಕಾಗಿರುವುದು ಪ್ರೇಕ್ಷಕರು ಯೂರೋಪ್ ಆಟಗಾರರನ್ನು ಬೈದ ಸುದ್ದಿ. ನಾನು ಇದೇ ಲಾಂಗ್ ಐಲ್ಯಾಂಡ್‌ನಲ್ಲಿ ಇರುವವನು, ಬೆತ್‌ಪೇಜ್‌ನಲ್ಲೇ ಆಡೋದು ಕಲಿತವನು, ಶನಿವಾರ ಹಗ್ಗದ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದವನು. ಆ ದಿನ ನಡೆದದ್ದು ತಪ್ಪೇ. ಆದರೆ ಅದನ್ನು ಇಡೀ ಊರಿನ ತಲೆಗೆ ಕಟ್ಟುವುದನ್ನು ನನ್ನ ಕೈಲಿ ಒಪ್ಪೋಕೆ ಆಗಲ್ಲ.

ಮೊದಲು ಜಾಗದ ಬಗ್ಗೆ ಹೇಳಬೇಕು. ಅದು ಗೊತ್ತಾಗದೆ ಜನರ ವಿಷಯ ಅರ್ಥ ಆಗಲ್ಲ.

ಬೆತ್‌ಪೇಜ್ ಯಾವ ಕ್ಲಬ್ಬಿನದ್ದೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಪಾರ್ಕ್ ಅದು. ಫಾರ್ಮಿಂಗ್‌ಡೇಲ್‌ನಲ್ಲಿದೆ, ಮ್ಯಾನ್‌ಹಟನ್‌ನಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ಒಂದೇ ಆವರಣದಲ್ಲಿ ಐದು ಗಾಲ್ಫ್ ಅಂಗಳ, ಅಂದರೆ ಕೋರ್ಸ್: ಬ್ಲ್ಯಾಕ್, ರೆಡ್, ಬ್ಲೂ, ಗ್ರೀನ್, ಯೆಲ್ಲೋ. 1930ರ ದಶಕದಲ್ಲಿ ಆರ್ಥಿಕ ಕುಸಿತ ಆಗಿ ಲಕ್ಷಾಂತರ ಜನರಿಗೆ ಕೆಲಸ ಇಲ್ಲದಿದ್ದಾಗ ಸರ್ಕಾರ ಕೂಲಿ ಕೊಟ್ಟು ಕಟ್ಟಿಸಿದ್ದು. ಬ್ಲ್ಯಾಕ್ ತೆರೆದದ್ದು 1936ರಲ್ಲಿ. ವಿನ್ಯಾಸಕ್ಕೆ ಎ. ಡಬ್ಲ್ಯೂ. ಟಿಲ್ಲಿಂಗ್‌ಹಾಸ್ಟ್ ಹೆಸರಿದೆ. ಅವರದ್ದೆಷ್ಟು, ಪಾರ್ಕ್ ನೋಡಿಕೊಳ್ಳುತ್ತಿದ್ದ ಜೋಸೆಫ್ ಬರ್ಬೆಕ್ ಅವರದ್ದೆಷ್ಟು ಅನ್ನೋ ವಾದ ಇನ್ನೂ ಮುಗಿದಿಲ್ಲ. ಮಧ್ಯೆ ಎಷ್ಟೋ ವರ್ಷ ಕೋರ್ಸ್ ಸೊರಗಿತ್ತು. 2002ರ ಯು.ಎಸ್. ಓಪನ್ ಗಾಲ್ಫ್ ಟೂರ್ನಿ ಇಲ್ಲಿ ಅಂತ ನಿರ್ಧಾರ ಆದ ಮೇಲೆ ವಿನ್ಯಾಸಕ ರೀಸ್ ಜೋನ್ಸ್ ಬಂದು ಬಂಕರ್‌ಗಳಿಗೆ (ಮರಳಿನ ಗುಂಡಿಗಳಿಗೆ) ಹಳೆ ಆಕಾರ ಕೊಟ್ಟು ಎಬ್ಬಿಸಿ ನಿಲ್ಲಿಸಿದರು.

ಮೊದಲ ಟೀ, ಅಂದರೆ ಆಟ ಶುರು ಮಾಡುವ ಜಾಗದ ಹತ್ತಿರ ಒಂದು ಬೋರ್ಡ್ ಇದೆ. ಇದು ತುಂಬಾ ಕಷ್ಟದ ಕೋರ್ಸ್, ನುರಿತ ಆಟಗಾರರಿಗೆ ಮಾತ್ರ ಶಿಫಾರಸು ಅಂತ ಬರೆದಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ನಾಲ್ಕನೇ ಹೋಲ್‌ಗೆ ಬಂದು ಫೇರ್‌ವೇಗೆ (ಹುಲ್ಲು ಕತ್ತರಿಸಿದ ಆಟದ ಹಾದಿಗೆ) ಅಡ್ಡಡ್ಡವಾಗಿ ಮಲಗಿರುವ ಆ ದೈತ್ಯ ಬಂಕರ್‌ಗಳನ್ನು ನೋಡಿದಾಗ ಬೋರ್ಡ್ ಸುಮ್ನೆ ಹಾಕಿದ್ದಲ್ಲ ಅಂತ ಗೊತ್ತಾಗುತ್ತೆ. ಬ್ಲ್ಯಾಕ್‌ನಲ್ಲಿ ಗಾಡಿ ಇಲ್ಲ, ನಡೆದೇ ಆಡಬೇಕು. ಹದಿನೈದನೇ ಹೋಲ್ ಬರುವಷ್ಟರಲ್ಲಿ ಕಾಲು ಸೋತಿರುತ್ತೆ, ಅಲ್ಲಿಂದ ತಲೆ ಎತ್ತಿ ನೋಡಿದರೆ ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಎಲ್ಲೋ ಗುಡ್ಡದ ಮೇಲೆ.

ಇಂಥ ಕೋರ್ಸ್‌ನಲ್ಲಿ ಆಡೋಕೆ ಬೇರೆ ಕಡೆ ಆಗಿದ್ದರೆ ಸದಸ್ಯರ ಶಿಫಾರಸು, ವರ್ಷಗಟ್ಟಲೆ ಕಾಯುವ ಪಟ್ಟಿ, ಕೇಳೋಕೂ ಹೆದರಿಕೆ ಆಗುವಷ್ಟು ದುಡ್ಡು ಬೇಕಾಗುತ್ತಿತ್ತು. ಲಾಂಗ್ ಐಲ್ಯಾಂಡ್‌ನ ಪೂರ್ವ ತುದಿಗೆ ಹೋದರೆ ಶಿನ್ನೆಕಾಕ್ ಹಿಲ್ಸ್ ಇದೆ. ಜಗತ್ತಿನ ಶ್ರೇಷ್ಠ ಕೋರ್ಸ್‌ಗಳಲ್ಲಿ ಒಂದು, ಆದರೆ ಅದರ ಗೇಟು ನನ್ನಂಥವರಿಗಲ್ಲ. ಬ್ಲ್ಯಾಕ್‌ಗೆ ರಾಜ್ಯದ ನಿವಾಸಿಗಳು ನೂರು ಡಾಲರ್‌ಗಿಂತ ಕಡಿಮೆ ಕೊಟ್ಟು ಆಡಿದ್ದಾರೆ, ಆಡುತ್ತಿದ್ದಾರೆ. ಈ ಊರಿನ ಗಾಲ್ಫ್ ಬಗ್ಗೆ ಮಾತಾಡುವಾಗ ನಾನು ಮೊದಲು ಹೇಳುವುದೇ ಇದನ್ನು. ಬ್ರಾಂಕ್ಸ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕ್ ಕೋರ್ಸ್ 1895ರಿಂದ ಸಾರ್ವಜನಿಕರಿಗೆ ತೆರೆದಿದೆ. ಅಮೆರಿಕದಲ್ಲೇ ಅತಿ ಹಳೆಯದು. ಸಬ್‌ವೇ ಹಿಡಿದು ಕಿಟ್ ಹೆಗಲಿಗೆ ಹಾಕಿಕೊಂಡು ಹೋಗಬಹುದು.

ಮತ್ತೆ ಆ ಪಾರ್ಕಿಂಗ್ ಲಾಟ್. ಬ್ಲ್ಯಾಕ್‌ನಲ್ಲಿ ಬುಕಿಂಗ್ ಸಿಗದಿದ್ದವರು ಹಿಂದಿನ ದಿನವೇ ಬಂದು ನಂಬರ್ ಬರೆದಿರುವ ಜಾಗದಲ್ಲಿ ಕಾರು ನಿಲ್ಲಿಸಿ, ಕಾರಿನಲ್ಲೇ ಮಲಗುತ್ತಾರೆ. ಬೆಳಕು ಹರಿಯುವ ಮೊದಲು ಸಿಬ್ಬಂದಿ ಬಂದು ಸಾಲಿನ ಪ್ರಕಾರ ಕೈಪಟ್ಟಿ ಕಟ್ಟುತ್ತಾರೆ. ಒಂದು ಸಲ ನನ್ನ ಪಕ್ಕದ ಜಾಗದಲ್ಲಿ ಒಬ್ಬ ಅಜ್ಜ ಇದ್ದರು. ರಿಟೈರ್ ಆದ ಪ್ಲಂಬರ್. ಡಿಕ್ಕಿ ತೆರೆದು ಅದರ ಅಂಚಿನಲ್ಲಿ ಕೂತು ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ನನಗೂ ಕೊಟ್ಟರು. ಅವರ ಹತ್ತಿರ ಒಂದು ಪುಟ್ಟ ನೋಟ್‌ಬುಕ್. ಅದರಲ್ಲಿ ಇದ್ದದ್ದು ಹದಿನೈದನೇ ಹೋಲ್‌ನಲ್ಲಿ ಪಾರ್ ಮಾಡಿದ, ಅಂದರೆ ನಿಗದಿಯಾದಷ್ಟೇ ಹೊಡೆತದಲ್ಲಿ ಮುಗಿಸಿದ ತಾರೀಖುಗಳು ಮಾತ್ರ. ಪೂರ್ತಿ ಸ್ಕೋರ್ ಬರೆಯಲ್ವಾ ಅಂದೆ. ಬೇರೆ ಹೋಲ್‌ಗಳಲ್ಲಿ ಅದೃಷ್ಟ ನಡೆಯುತ್ತೆ, ಇಲ್ಲಿ ನಡೆಯಲ್ಲ, ಅದಕ್ಕೇ ಇದೊಂದನ್ನೇ ಬರೆಯೋದು ಅಂದರು. ಪುಟ ತಿರುಗಿಸಿ ತೋರಿಸಿದರು. ಮೊದಮೊದಲ ತಾರೀಖುಗಳ ಶಾಯಿ ಮಾಸಿತ್ತು.

ಪ್ರೇಕ್ಷಕರು ಅಂದರೆ ನನಗೆ ಇವರು. ಈ ಜನ ಸುಮ್ಮನಿರುವವರಲ್ಲ, ಬಾಯಿ ಜೋರು. ಬೆತ್‌ಪೇಜ್‌ನಲ್ಲಿ ಟೂರ್ನಿ ಅಂದಾಗಿಂದ ಗದ್ದಲ ಇದ್ದೇ ಇದೆ. 2002ರ ಓಪನ್‌ನಲ್ಲಿ ಸೆರ್ಜಿಯೋ ಗಾರ್ಸಿಯಾ ಹೊಡೆಯುವ ಮೊದಲು ಮತ್ತೆ ಮತ್ತೆ ಹಿಡಿ ಸರಿ ಮಾಡಿಕೊಳ್ಳುತ್ತಿದ್ದರಲ್ಲ, ಜನ ಅದನ್ನು ಜೋರಾಗಿ ಎಣಿಸಿದರು. ಅದು ಅತಿಯಾಯ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಅದೇ ಜನ ಅದೇ ವಾರ ಫಿಲ್ ಮಿಕಲ್‌ಸನ್‌ರನ್ನು ತಮ್ಮ ಮನೆ ಹುಡುಗನ ಹಾಗೆ ಹೊತ್ತುಕೊಂಡು ಮೆರೆಸಿದರು. ಗೆದ್ದದ್ದು ಟೈಗರ್ ವುಡ್ಸ್, ಇಡೀ ಟೂರ್ನಿಯಲ್ಲಿ ಪಾರ್‌ಗಿಂತ ಕೆಳಗೆ ಮುಗಿಸಿದ್ದು ಅವರೊಬ್ಬರೇ. ಕೋರ್ಸ್ ಎಂಥದ್ದು ಅಂತ ಇದರಲ್ಲೇ ಗೊತ್ತಾಗುತ್ತೆ. 2009ರಲ್ಲಿ ಮಿಕಲ್‌ಸನ್ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ತಿಳಿದ ಮುಂದಿನ ತಿಂಗಳೇ ಓಪನ್ ಇಲ್ಲಿಗೆ ಮತ್ತೆ ಬಂತು. ಹೋಲ್‌ನಿಂದ ಹೋಲ್‌ಗೆ ಜನ ಅವರನ್ನು ತಟ್ಟಿ ತಟ್ಟಿ ಮುಂದೆ ಕಳಿಸಿದ್ದನ್ನು ಟಿವಿಯಲ್ಲಿ ನೋಡಿದವರು ಯಾರೂ ಮರೆಯಲ್ಲ. 2019ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಬ್ರೂಕ್ಸ್ ಕೆಪ್ಕಾ ಏಳು ಸ್ಟ್ರೋಕ್ (ಹೊಡೆತ) ಮುಂದಿದ್ದು ಕೊನೆ ದಿನ ಸತತ ನಾಲ್ಕು ಬೋಗಿ (ಪಾರ್‌ಗಿಂತ ಒಂದು ಹೊಡೆತ ಜಾಸ್ತಿ) ಮಾಡಿದಾಗ, ಎದುರಾಳಿ ಡಸ್ಟಿನ್ ಜಾನ್ಸನ್ ಹೆಸರಿನಲ್ಲಿ 'ಡಿಜೆ, ಡಿಜೆ' ಅಂತ ಕೂಗು ಎದ್ದಿತು. ಕೆಪ್ಕಾಗೆ ಅದು ಕಿಚ್ಚು ಹಚ್ಚಿತು, ಎರಡು ಸ್ಟ್ರೋಕ್‌ನಲ್ಲಿ ಗೆದ್ದರು, ಆ ಕೂಗಿಗೆ ತಾನು ತಕ್ಕವನೇ ಆಗಿದ್ದೆ ಅಂದರು. ಕಠಿಣ ಜನ, ಹೌದು. ಆದರೆ ಆ ಕೂಗು ಆಟದ ಬಗ್ಗೆ. ಬೋಗಿ ಆಯ್ತು, ಕೂಗಿದರು. ಅಷ್ಟೇ.

ಕೂಗು ಆಟದ ಬಗ್ಗೆ ಮಾತ್ರ ಅನ್ನೋ ಆ ಗೆರೆಯೇ ಈ ಸಲ ಮುರಿದದ್ದು. ಶನಿವಾರ ನಾನು ಹದಿನಾರನೇ ಹೋಲ್‌ನ ಪಕ್ಕ ನಿಂತಿದ್ದೆ. ಗೆಳೆಯನ ಆಫೀಸಿನಲ್ಲಿ ಯಾರೋ ಬರಲಾಗದೆ ಉಳಿದ ಟಿಕೆಟ್ ನನಗೆ ಬಂದಿತ್ತು. ಬೆಳಗಿನ ಫೋರ್‌ಸಮ್ಸ್, ಅಂದರೆ ಇಬ್ಬಿಬ್ಬರ ಜೋಡಿ ಒಂದೇ ಚೆಂಡನ್ನು ಸರದಿಯಲ್ಲಿ ಹೊಡೆಯುವ ಪಂದ್ಯ. ಯೂರೋಪ್ ತಂಡದ ರೋರಿ ಮೆಕಿಲ್ರಾಯ್ ಚೆಂಡಿನ ಮುಂದೆ ನಿಂತರೆ ಸಾಕು, ಹಿಂದಿನಿಂದ ಒಬ್ಬ ಅವರ ಸಂಸಾರದ ವಿಷಯ ಎತ್ತುತ್ತಿದ್ದ. ಅವನ ಜೊತೆಯವರು ನಗುತ್ತಿದ್ದರು. ನನ್ನ ಮುಂದೆ ಒಬ್ಬ ಅಪ್ಪ, ಎಂಟೊಂಬತ್ತು ವರ್ಷದ ಮಗಳು. ಮಗು ಅಮೆರಿಕ ಧ್ವಜದ ಕೆಂಪು, ಬಿಳಿ, ನೀಲಿ ಟೋಪಿ ಹಾಕಿಕೊಂಡು ಬಂದಿತ್ತು. ಅಪ್ಪ ಎರಡೂ ಕೈಯಿಂದ ಅವಳ ಕಿವಿ ಮುಚ್ಚಿದ. ಮೆಕಿಲ್ರಾಯ್ ಹಿಂದೆ ಸರಿದರು. ಜನರ ಕಡೆ ತಿರುಗಿ ಬಾಯಿ ಮುಚ್ಚಿ ಅಂತ ಒರಟಾಗಿಯೇ ಹೇಳಿದರು. ಮತ್ತೆ ನಿಂತು ಹೊಡೆದರು. ಚೆಂಡು ಧ್ವಜದಿಂದ ಒಂದೆರಡು ಹೆಜ್ಜೆ ದೂರದಲ್ಲಿ ಹೋಗಿ ಕೂತಿತು. ಪಂದ್ಯ ಅಲ್ಲಿಗೇ ಮುಗಿಯಿತು, ಎರಡೇ ಹೋಲ್ ಉಳಿದಿದ್ದಾಗ ಯೂರೋಪ್ ಮೂರು ಹೋಲ್ ಮುಂದಿತ್ತು. ಆ ಹುಡುಗಿ ಅಪ್ಪನ ಕೈ ಕೊಡವಿಕೊಂಡು ಚಪ್ಪಾಳೆ ಹೊಡೆದಳು. ಎದುರು ತಂಡದ ಹೊಡೆತಕ್ಕೆ! ನಾನೂ ಹೊಡೆದೆ.

ಮಧ್ಯಾಹ್ನ ಇನ್ನೂ ಕೆಟ್ಟಿತು. ಪೊಲೀಸರು ಜಾಸ್ತಿಯಾದರು. ಅಮೆರಿಕದ ಜಸ್ಟಿನ್ ಥಾಮಸ್ ತಮ್ಮದೇ ಜನರಿಗೆ ಸುಮ್ಮನಿರಿ ಅಂತ ಕೈ ಮಾಡಬೇಕಾಯ್ತು. ಸಂಜೆ ಮೆಕಿಲ್ರಾಯ್ ಹೆಂಡತಿ ಎರಿಕಾ ಅವರ ಟೋಪಿಗೆ ಯಾರೋ ಎಸೆದ ಕುಡಿಯುವ ಲೋಟ ತಾಗಿತು. ಅವತ್ತೇ ಮೊದಲ ಟೀ ಹತ್ತಿರ, ಜನರನ್ನು ಹುರಿದುಂಬಿಸೋಕೆ ಅಂತ ಮೈಕ್ ಕೊಟ್ಟು ನಿಲ್ಲಿಸಿದ್ದ ನಿರೂಪಕಿಯೇ ಬೈಗುಳದ ಘೋಷಣೆಗೆ ದನಿ ಸೇರಿಸಿದ್ದರು. ಆಮೇಲೆ ಕ್ಷಮೆ ಕೇಳಿ ಕೆಲಸ ಬಿಟ್ಟರು. ಮೈಕ್ ಹಿಡಿದವರೇ ಹಾಗೆ ಮಾಡಿದರೆ ಹಿಂದಿನ ಸಾಲಿನವನಿಗೆ ಏನು ಹೇಳೋದು?

ಈ ರೈಡರ್ ಕಪ್‌ಗೆ ಒಂದು ದಿನದ ಟಿಕೆಟ್ ಬೆಲೆ ಸುಮಾರು 750 ಡಾಲರ್ ಇತ್ತು. ನೋಟ್‌ಬುಕ್ ಇಟ್ಟುಕೊಂಡ ಅಜ್ಜ ಅಷ್ಟು ದುಡ್ಡು ಕೊಟ್ಟು ಬರ್ತಾರಾ? ಬರಲ್ಲ. ಅಷ್ಟು ದುಡ್ಡಿನಲ್ಲಿ ಅವರು ಇಡೀ ಬೇಸಿಗೆ ಆಡಿಕೊಂಡಿರ್ತಾರೆ. ದುಡ್ಡಿದ್ದವರೆಲ್ಲ ಕೆಟ್ಟವರು ಅಂತಲ್ಲ, ಆ ಅಪ್ಪ ಮಗಳೂ ಅಷ್ಟೇ ಕೊಟ್ಟು ಬಂದಿರಬಹುದು. ಆದರೆ ಅಷ್ಟು ಬೆಲೆ ಇಟ್ಟಾಗ ಆಟ ನೋಡೋಕೆ ಬರುವವರಿಗಿಂತ ಒಂದು ದಿನದ ಮೋಜಿಗೆ ಬರುವವರು ಜಾಸ್ತಿ ಆಗ್ತಾರೆ. ನಾಲ್ಕನೇ ಹೋಲ್‌ನ ಬಂಕರ್‌ನಲ್ಲಿ ಒಮ್ಮೆ ಮುಳುಗಿ ಎದ್ದವರಿಗೆ ಎದುರಾಳಿ ಅದನ್ನು ದಾಟಿಸಿದರೆ ಒಳಗಿಂದ 'ಆಹಾ' ಬಂದೇ ಬರುತ್ತೆ. ಆ ನೆಲದಲ್ಲಿ ಕಾಲಿಡದವರಿಗೆ ಅಲ್ಲಿ ಕಾಣೋದು ಎದುರಾಳಿಯ ಮುಖ ಮಾತ್ರ.

ಇನ್ನೊಂದು ವಿಷಯ, ಇದನ್ನು ಯಾರೂ ಅಷ್ಟಾಗಿ ಹೇಳ್ತಿಲ್ಲ. ಕೋರ್ಸ್‌ಗೂ ಅನ್ಯಾಯ ಆಯ್ತು. ಅಮೆರಿಕ ತಂಡದ ನಾಯಕ ಕೀಗನ್ ಬ್ರಾಡ್ಲಿ ಇದೇ ನ್ಯೂಯಾರ್ಕ್‌ನ ಸೇಂಟ್ ಜಾನ್ಸ್ ಯೂನಿವರ್ಸಿಟಿಯಲ್ಲಿ ಓದಿದವರು, ಬ್ಲ್ಯಾಕ್‌ಗೆ ರಜೆ ಇರುವ ಸೋಮವಾರ ಗೆಳೆಯರ ಜೊತೆ ಬಂದು ರಸ್ತೆಯಾಚೆಯ ಹೋಲ್‌ಗಳಲ್ಲಿ ಆಡಿ ಬೆಳೆದವರು. ಈ ಕೋರ್ಸ್ ಎಷ್ಟು ಕಠಿಣ ಅನ್ನೋದು ಅವರಿಗೆ ಗೊತ್ತಿರುವಷ್ಟು ಬೇರೆ ನಾಯಕರಿಗೆ ಗೊತ್ತಿರಲಿಲ್ಲ. ಆದರೂ ರಫ್ (ಅಂಚಿನ ಎತ್ತರದ ಹುಲ್ಲು) ಕತ್ತರಿಸಿ ಚಿಕ್ಕದು ಮಾಡಿಸಿದರು, ತಮ್ಮವರಿಗೆ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಸಿಗಲಿ ಅಂತ. ಮೇಲಿಂದ ಮಳೆ ಬಂದು ಗ್ರೀನ್ ಮೆತ್ತಗಾಯ್ತು. ಬರ್ಡಿ ಸುರಿಸಿದ್ದು ಯೂರೋಪಿನವರು. ಶನಿವಾರ ಸಂಜೆಗೆ ಸ್ಕೋರ್ 11.5–4.5. ಕೋರ್ಸ್ ಸಿದ್ಧ ಮಾಡಿಸಿದ್ದರಲ್ಲಿ ತಪ್ಪಾಯ್ತು ಅಂತ ಬ್ರಾಡ್ಲಿ ಆಮೇಲೆ ಒಪ್ಪಿಕೊಂಡರು, ಅದು ದೊಡ್ಡತನ. ಆದರೆ ನನಗನ್ನಿಸೋದು ಏನಂದರೆ, ಬ್ಲ್ಯಾಕ್ ಅನ್ನು ಬ್ಲ್ಯಾಕ್ ಆಗಿಯೇ ಬಿಟ್ಟಿದ್ದರೆ ಜನರಿಗೂ ನೋಡೋಕೆ ಏನಾದರೂ ಇರುತ್ತಿತ್ತು. ಮೊಣಕಾಲುದ್ದದ ಹುಲ್ಲಿನೊಳಗೆ ಚೆಂಡು ಹೋದಾಗ ಎಂಥ ಗದ್ದಲದ ಗುಂಪೂ ಒಂದು ಕ್ಷಣ ಕತ್ತು ಉದ್ದ ಮಾಡಿ ನೋಡುತ್ತೆ, ಇವನೇನು ಮಾಡ್ತಾನೆ ಅಂತ. ಆ ಕುತೂಹಲ ಇಲ್ಲದ ಕಡೆ ಬಾಯಿಗೆ ಬೇರೆ ಕೆಲಸ ಸಿಕ್ಕಿತು.

ಭಾನುವಾರ ಇದು ಇನ್ನೂ ಸ್ಪಷ್ಟವಾಯ್ತು. ಟಿವಿಯಲ್ಲಿ ನೋಡಿದೆ. ಮೊದಲ ಪಂದ್ಯದಲ್ಲಿ ಅಮೆರಿಕ ತಂಡದ ಕ್ಯಾಮರೂನ್ ಯಂಗ್. ನ್ಯೂಯಾರ್ಕ್ ಹುಡುಗ, 2017ರಲ್ಲಿ ಹವ್ಯಾಸಿ ಆಟಗಾರನಾಗಿ ಇದೇ ಬ್ಲ್ಯಾಕ್‌ನಲ್ಲಿ ನ್ಯೂಯಾರ್ಕ್ ಸ್ಟೇಟ್ ಓಪನ್ ಗೆದ್ದವನು. ಹದಿನೆಂಟನೇ ಗ್ರೀನ್‌ನಲ್ಲಿ ಪಟ್ ಹಾಕಿ ಯೂರೋಪಿನ ಜಸ್ಟಿನ್ ರೋಸ್‌ರನ್ನು ಸೋಲಿಸಿದಾಗ ಎದ್ದ ಕೂಗು ಇದೆಯಲ್ಲ, ಅದು ನನಗೆ ಗೊತ್ತಿರುವ ಬೆತ್‌ಪೇಜ್. ಆಮೇಲೆ ಅಮೆರಿಕದ ಥಾಮಸ್ ಗೆದ್ದರು, ಸ್ಕಾಟಿ ಶೆಫ್ಲರ್ ಗೆದ್ದರು, ಒಂದು ಹೊತ್ತಿನಲ್ಲಿ ಎಲ್ಲ ತಲೆಕೆಳಗಾಗುತ್ತೆ ಅನ್ನಿಸಿತ್ತು. ಜನ ಹೊಡೆತಗಳಿಗೆ ಕೂಗುತ್ತಿದ್ದರು, ನಾನು ನೋಡಿದ ಮಟ್ಟಿಗೆ ಮನುಷ್ಯರಿಗೆ ಅಲ್ಲ. ಕೊನೆಗೆ ಯೂರೋಪಿನ ಶೇನ್ ಲೌರಿ ಹದಿನೆಂಟರಲ್ಲಿ ಬರ್ಡಿ ಹಾಕಿ ಪಂದ್ಯ ಸಮ ಮಾಡಿ ಅರ್ಧ ಪಾಯಿಂಟ್ ತೆಗೆದು ಕಪ್ ಉಳಿಸಿಕೊಂಡು ಗ್ರೀನ್ ತುಂಬ ಕುಣಿದರು. ಚಂದ ಇತ್ತು ನೋಡೋಕೆ.

2033ರಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಮತ್ತೆ ಬ್ಲ್ಯಾಕ್‌ಗೆ ಬರುತ್ತೆ. ಪಾರ್ಕ್ ಇಲಾಖೆಗೆ ಒಂದು ಪತ್ರ ಬರೆಯುತ್ತಿದ್ದೇನೆ. ಕೇಳುತ್ತಿರುವುದು ಎರಡೇ. ಕೋರ್ಸ್ ನಿಮ್ಮದು, ಅಂದರೆ ನಮ್ಮೆಲ್ಲರದ್ದು, ಹಾಗಾಗಿ ಪ್ರತಿ ದಿನದ ಒಂದಷ್ಟು ಟಿಕೆಟ್ ಆ ಪಾರ್ಕಿಂಗ್ ಲಾಟ್‌ನಲ್ಲೇ, ಸಾಲಿನ ಪ್ರಕಾರ, ಅಲ್ಲಿ ಆಡೋಕೆ ಕೊಡುವಷ್ಟೇ ಬೆಲೆಗೆ ಕೊಡಿಸಿ. ಎರಡನೆಯದು, ಆಟಗಾರನೋ ಅವರ ಮನೆಯವರೋ, ಯಾರ ಮೇಲಾದರೂ ವೈಯಕ್ತಿಕ ಬೈಗುಳ ಎತ್ತಿದವನನ್ನು ಎರಡನೇ ಎಚ್ಚರಿಕೆ ಕೊಡದೆ ಹೊರಗೆ ಕಳಿಸಿ. ಇಲ್ಲಿ ಆಡುವವರು, ಆಡಿದವರು ಯಾರಾದರೂ ಸಹಿ ಹಾಕುತ್ತೇನೆ ಅಂದರೆ ತಿಳಿಸಿ, ಈ ವಾರ ಪೂರ್ತಿ ಕಾಯ್ತೇನೆ, ಆಮೇಲೆ ಕಳಿಸ್ತೇನೆ.