ಕಾಸರಕೋಡಿನ ಪಂಪು ಮೇಸ್ತ್ರಿ

ಶಿರಸಿಯಿಂದ ಬೆಳಗಿನ ಬಸ್ಸಿಗೆ ಹೊರಟಿದ್ದೆ. ದೇವಿಮನೆ ಘಟ್ಟದ ಮೇಲೆ ಕಾಡಿನ ತಂಪಿತ್ತು. ಕುಮಟಾ ತಲುಪುವಷ್ಟರಲ್ಲಿ ಏಪ್ರಿಲ್ ತಿಂಗಳ ಸೆಕೆಗೆ ಅಂಗಿ ಬೆನ್ನಿಗಂಟಿತು. ಹೊನ್ನಾವರದಲ್ಲಿ ಬಸ್ ಬದಲಿಸಿ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು. ಜತೆಗೆ ಇಳಿದವರೆಲ್ಲ 2020ರಲ್ಲಿ ಸ್ವಚ್ಛ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರದ ಕಡೆ ನಡೆದರು. ನಾನು ಪಂಪು ಮೇಸ್ತ್ರಿಯ ಮನೆ ಕೇಳುತ್ತ ಒಳದಾರಿ ಹಿಡಿದೆ.

ಮೇಸ್ತ್ರಿ ಕೊಂಕಣಿ ಕ್ರೈಸ್ತರು. ಹತ್ತೊಂಬತ್ತು ವರ್ಷ ಉಗಾಂಡಾದ ಹಳ್ಳಿಗಳಲ್ಲಿ ಯುರೋಪಿನ ಒಂದು ಮಿಷನ್ನಿಗಾಗಿ ಕೈಪಂಪು ಕೂರಿಸಿದವರು. ಈಗ ಆ ಮಿಷನ್ ನೀರಿನ ಕೆಲಸ ನಿಲ್ಲಿಸಿದೆ, ಮೇಸ್ತ್ರಿ ಊರಿಗೆ ಮರಳಿದ್ದಾರೆ. ಮನೆಯವರು ಮುರುಗಲು ಪಾನಕ ಕೊಟ್ಟರು. ಮೇಸ್ತ್ರಿ ಮಾತ್ರ ಕುಶಲ ವಿಚಾರಿಸುವ ಮೊದಲೇ ಜಗಲಿಯ ಮೂಲೆಯಿಂದ ಎರಡು ಹಿತ್ತಾಳೆ ಪಿಸ್ಟನ್ ತಂದು ನನ್ನ ಮುಂದಿಟ್ಟರು.

"ಇದು ಅಲ್ಲಿಯ ಯು-2 ಪಂಪಿನದು. ಅದು ನಮ್ಮ ಮಾರ್ಕ್-2 ಪಂಪೇ, ಹೆಸರು ಬೇರೆ ಅಷ್ಟೇ."

ನಮ್ಮ ಶಾಲೆಗಳ ಎದುರು, ಬಸ್ ನಿಲ್ದಾಣಗಳ ಪಕ್ಕ ಕಾಣುವ ಅದೇ ಪಂಪು. ಅದರ ಹುಟ್ಟಿನಲ್ಲೂ ಮಿಷನ್ನಿನ ಕೈ ಇದೆ. ಮಹಾರಾಷ್ಟ್ರದ ಜಾಲ್ನಾದ ಸ್ಕಾಟಿಷ್ ಮಿಷನ್ನಿನಲ್ಲಿ, ಆಮೇಲೆ ಸೋಲಾಪುರದಲ್ಲಿ, ಪದೇ ಪದೇ ಮುರಿಯುತ್ತಿದ್ದ ಎರಕದ ಪಂಪುಗಳಿಗೆ ಬದಲಾಗಿ ಗಟ್ಟಿಯಾದದ್ದನ್ನು ಮಾಡಿದರು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಅದು ತಿದ್ದಿ ತೀಡಿ ಮಾರ್ಕ್-2 ಆಯಿತು. ಅಲ್ಲಿಂದ ಆಫ್ರಿಕಕ್ಕೂ ಹೋಯಿತು.

ಮೇಸ್ತ್ರಿ ಸವೆದ ವಾಷರನ್ನು ಉಗುರಿನಿಂದ ಕಿತ್ತು ನನ್ನ ಅಂಗೈಗೆ ಹಾಕಿದರು. ಸಣ್ಣ ಬಟ್ಟಲಿನಂಥದ್ದು, ಅಂಚು ಹರಿದು ಗರಿಗರಿಯಾಗಿತ್ತು. "ತಮ್ಮಾ, ಇಷ್ಟು ಹರಿದರೆ ಊರಿಗೆ ನೀರಿಲ್ಲ. ಯು-2 ಆದರೆ ಇದನ್ನು ಬದಲಿಸಲು ಪೈಪುಗಳನ್ನೆಲ್ಲ ಮೇಲೆತ್ತಬೇಕು. ಮುಕ್ಕಾಲಿ ಬೇಕು, ಆರು ಜನ ಬೇಕು, ಪಿಕಪ್ ಬೇಕು. ಅದರ ಮುಂದಿನ ಮಾದರಿ ಯು-3ರ ಪೈಪು ಅಗಲ, ಪಿಸ್ಟನ್ನನ್ನು ಸರಳಿನ ಸಮೇತ ಒಳಗಿನಿಂದಲೇ ಎಳೆಯಬಹುದು. ಹಳ್ಳಿಯ ಇಬ್ಬರು ಹೆಂಗಸರು ಸಾಕು."

ಮಿಷನ್ನಿಗೆ ಹಣ ಕೊಡುತ್ತಿದ್ದ ಇಗರ್ಜಿಗಳಲ್ಲಿ ಉಳಿದವರು ವೃದ್ಧರು. ಒಬ್ಬೊಬ್ಬರೇ ತೀರಿಕೊಂಡಂತೆ ಕಾಣಿಕೆ ಇಳಿಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ ಎನ್ನುತ್ತಾರೆ ಮೇಸ್ತ್ರಿ. ಅವರ ಸಿಟ್ಟು ಕೊನೆಯ ವರ್ಷದ ಮೇಲೆ. ಹೊಸ ಬೋರ್ ಕೊರೆಯುವುದು ಬೇಡ, ಇದ್ದ ಹಣದಲ್ಲಿ ಹಳೆಯ ಪಂಪುಗಳನ್ನು ಸರಿಮಾಡಿ ರಿಪೇರಿ ಕಲಿಸೋಣ ಎಂದು ಇವರು ಹಟ ಹಿಡಿದರು. ಮೇಲಿನವರಿಗೆ ಬೇಕಿದ್ದುದು ಇನ್ನೊಂದು ಉದ್ಘಾಟನೆ, ಇನ್ನೊಂದು ಫಲಕ. ದಾನ ಕೊಡುವವರಿಗೆ ವಾಷರಿನ ಫೋಟೊ ಯಾರು ಕಳಿಸುತ್ತಾರೆ! ನಮ್ಮ ಕಡೆಯ ಕಾಮಗಾರಿಗಳನ್ನು ನೆನೆದು ನನಗೆ ನಗು ಬಂತು.

ಪಿಕಪ್ ಮಾರಾಟವಾದ ಮೇಲೆ ಇವರು ಬೈಕಿನಲ್ಲಿ ಸುತ್ತಿ, ಯು-3 ಇದ್ದ ಹಳ್ಳಿಗಳಲ್ಲಿ ಸ್ಪ್ಯಾನರ್ ಹಂಚಿ ಬಂದರು. ಯು-2 ಇದ್ದ ಕೆಲವು ಕಡೆ ಬೇರೆಯೇ ಪೀಡೆ: ಅಂತರ್ಜಲದ ಹುಳಿಗೆ ಕಬ್ಬಿಣದ ಪೈಪು ತಿಂದುಹೋಗಿ ನೀರು ಕೆಂಪಾಗುತ್ತಿತ್ತು, ಒಗೆದ ಬಟ್ಟೆ ಕಂದಾಗುತ್ತಿತ್ತು, ಚಹಾ ಮಸಿಯಂತಾಗುತ್ತಿತ್ತು. ಅಂಥ ಪಂಪನ್ನು ಬಿಟ್ಟು ಜನ ಮತ್ತೆ ಜೌಗಿನ ನೀರಿಗೆ ಇಳಿಯುತ್ತಿದ್ದರು. "ಅವರಿಗೆ ಏನೂ ಹೇಳದೆ ಬಂದೆ," ಎಂದವರು ಪಿಸ್ಟನ್ನನ್ನು ಎತ್ತಿ ಒಳಗಿಟ್ಟರು.

ಮಾತಿನ ನಡುವೆ ಅವರ ಮೊಬೈಲ್ ಟಿಣ್ ಎಂದಿತು. ಉಗಾಂಡಾದಿಂದ ಒಬ್ಬ ಹೆಂಗಸು ಕಳಿಸಿದ ವಾಷರಿನ ಚಿತ್ರ. ಕನ್ನಡಕ ಏರಿಸಿ ಚಿತ್ರವನ್ನು ಹಿಗ್ಗಿಸಿ ನೋಡಿ, "ಬದಲಿಸಬೇಕು," ಎಂದು ಉತ್ತರ ಟೈಪ್ ಮಾಡತೊಡಗಿದರು. ಒಂದೊಂದೇ ಅಕ್ಷರ ಒತ್ತುವ ಅವರ ಬೆರಳು ನೋಡುತ್ತ ನಾನು ಎರಡನೇ ಲೋಟ ಪಾನಕ ಮುಗಿಸಿದೆ.

ಸಂಜೆ ಬಸ್ ನಿಲ್ದಾಣದವರೆಗೆ ಅವರೂ ಬಂದರು. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಬೇಸಿಗೆಗೆ ಬಾವಿಗಳು ತಳ ಕಾಣುತ್ತವೆ; ಅಳಿವೆಯ ಹತ್ತಿರದವು ಉಪ್ಪಿಗೆ ತಿರುಗುತ್ತವೆ. ದಾರಿಯ ಬದಿಯಲ್ಲಿ ತುಕ್ಕು ಹಿಡಿದ ಮಾರ್ಕ್-2 ಒಂದಿತ್ತು. ಮೇಸ್ತ್ರಿ ಲುಂಗಿ ಎತ್ತಿ ಕಟ್ಟಿ ಹಿಡಿಕೆ ಒತ್ತಿದರು. ಇಪ್ಪತ್ತು, ಮೂವತ್ತು ಸಲ ಒಣ ಸದ್ದು. ಆಮೇಲೆ ಕೆಂಪು ನೀರು ಬಂತು. ತಿಳಿಯಾಗುವವರೆಗೆ ಒತ್ತಿ, ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿದರು.

"ಉಪ್ಪಿಲ್ಲ," ಎಂದರು. ಅಷ್ಟರಲ್ಲಿ ಹೊನ್ನಾವರದ ಬಸ್ ಬಂತು.