ಅಪ್ಪನ ಪಿಕಪ್‌ಗೆ ಮುಂದಿನ ಆಕ್ಸಲ್ ಹುಡುಕಿದ್ದು

ಹೊಳಲ್ಕೆರೆಯ ತೋಟದಿಂದ ಅಪ್ಪ ಅಡಿಕೆ ಹೇರಿ ತರುತ್ತಿದ್ದ ಹಳೆಯ ಮಹೀಂದ್ರಾ ಪಿಕಪ್ಪನ್ನು ಫೋರ್‌ವೀಲ್ ಡ್ರೈವ್ ಮಾಡಿಸಲು ಹೊರಟಾಗ, ಚಿತ್ರದುರ್ಗದ ಗುಜರಿಯಂಗಡಿಯಲ್ಲಿ ಕಂಡ ಮೊದಲ ಜೀಪಿನ ಮುಂದಿನ ಆಕ್ಸಲ್ಲನ್ನೇ ಕೊಳ್ಳುವ ಆತುರ ನನಗಿತ್ತು. ಮೇಸ್ತ್ರಿಯವರು ತಡೆದು, ಎರಡು ಬದಿಯ ಚಕ್ರಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಮುಚ್ಚಳ ಬಿಚ್ಚಿಸಿ, ಕಪ್ಪಾದ ಆಯಿಲ್ ಒರೆಸಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತಿಟ್ಟು ಎಣಿಸಿದರು: ದೊಡ್ಡ ಗೇರಾದ ಕ್ರೌನ್‌ನಲ್ಲಿ 39, ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್‌ನಲ್ಲಿ 8. ನಮ್ಮ ಹಿಂದಿನ ಆಕ್ಸಲ್ಲಿನದು 43ಕ್ಕೆ 8. ಈ ಅನುಪಾತ ಹೊಂದದಿದ್ದರೆ, ನಾಲ್ಕೂ ಚಕ್ರಗಳಿಗೆ ಚಾಲನೆ ಕೊಟ್ಟೊಡನೆ ಒಣ ರಸ್ತೆಯಲ್ಲಿ ಹಿಂದಿನವೂ ಮುಂದಿನವೂ ಎಳೆದಾಡಿ, ಎರಡೂ ಆಕ್ಸಲ್ಲುಗಳಿಗೆ ಎಂಜಿನ್ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರುಗಳ ಮೇಲೆ ಭಾರ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್ಲಿಗೆ ಶಾಫ್ಟ್ ಹೊರಡುವ ಬದಿಯಲ್ಲೇ ಆಕ್ಸಲ್ಲಿನ ಡಿಫರೆನ್ಷಿಯಲ್ಲೂ ಇರಬೇಕು. ಆದ್ದರಿಂದ ಟ್ರಾನ್ಸ್‌ಫರ್ ಕೇಸ್, ಎರಡೂ ಆಕ್ಸಲ್, ಶಾಫ್ಟ್‌ಗಳನ್ನು ಒಂದೇ ಜೀಪಿನಿಂದ ತೆಗೆಯುವುದೇ ಲೇಸೆಂದು ನಿರ್ಧರಿಸಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕಿದೆ.