ಬಂಗಾರದ ಬಟ್ಟಲು

ಜನಪದ ಹಾಡಿನಲ್ಲಿ ನೀರು ಬರಲೆಂದು ಕೆರೆಗೆ ಹಾರವಾದ ಭಾಗೀರಥಿ ಇವತ್ತು ಯಾಕೋ ನೆನಪಾದಳು. ಪೂಜೆ ಮುಗಿದಿದೆ. ಕೆರೆಯಲ್ಲಿ ಮರೆತ ಬಂಗಾರದ ಬಟ್ಟಲು ತರೋಕೆ ಕಿರಿಸೊಸೆಯೇ ಇಳಿಯಬೇಕು. ಒಂದು ಮೆಟ್ಟಿಲು ಹತ್ತಿದರೆ ಪಾದಕ್ಕೆ ನೀರು, ಇನ್ನೊಂದು ಹತ್ತಿದರೆ ಮೊಣಕಾಲಿಗೆ, ಆಮೇಲೆ ನಡುವಿಗೆ. ಈ ಹಾಡು ಹೇಳುತ್ತಾ ಅಜ್ಜಿ ಇಲ್ಲಿಗೆ ಬಂದಾಗ ಪ್ರತಿ ಸಲ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದಳು.

ನಾವು ಇದನ್ನು ತ್ಯಾಗ ಅಂತೀವಿ. ಆದರೆ ಅವಳನ್ನು ಆರಿಸಿದ್ದು ಅತ್ತೆ ಮಾವ ಅಲ್ವಾ? ಗ್ರೀಕರ ಇಫಿಜೀನಿಯಾ ಕೂಡ ಹಾಗೇ. ಟ್ರಾಯ್‌ಗೆ ಹೊರಟ ಹಡಗುಗಳಿಗೆ ಗಾಳಿ ಬೇಕಿತ್ತು. ವೀರ ಅಕಿಲೀಸನ ಜೊತೆ ಮದುವೆ ಅಂತ ಸುಳ್ಳು ಹೇಳಿ ಅಪ್ಪನೇ ಅವಳನ್ನು ಬಲಿಗೆ ಕರೆಸಿದ. ವಜ್ರಾಯುಧಕ್ಕಾಗಿ ದಧೀಚಿ ಋಷಿಯ ಮೂಳೆಯನ್ನೂ ದೇವತೆಗಳೇ ಹೋಗಿ ಕೇಳಿದ್ದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಕೂಡ, ಸಾಧ್ಯವಾದರೆ ಸಂಕಟದ ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡಿದ್ದ. ಆ ರಾತ್ರಿ ಶಿಷ್ಯರು ನಿದ್ದೆ ಹೋಗಿದ್ದರು.